ತೂಬಿಲ್ಲದ ಕೆರೆ

ಮೈಸೂರಿನಲ್ಲಿ ನನ್ನ ಚಿತ್ರಗಳನ್ನು ನೋಡಲು ಬಂದ ಹಿರಿಯರೊಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: "ಮಂಡ್ಯದ ಕಡೆಯವರು ಎನ್ನುತ್ತೀರಿ. ಹಸಿರು ಎಲ್ಲಮ್ಮ?" ಅವರ ತಪ್ಪಲ್ಲ. ಮಂಡ್ಯ ಎಂದರೆ ಕಬ್ಬು, ಭತ್ತ, ತುಂಬಿ ಹರಿಯುವ ನಾಲೆ ಎಂದೇ ಲೋಕ ತಿಳಿದಿದೆ. ಬೆಂಗಳೂರಿನ ರೈಲು ಹತ್ತಿದವರಿಗೆ ಕಿಟಕಿಯಲ್ಲಿ ಕಾಣುವುದೂ ಅದೇ. ಆದರೆ ನಾಲೆ ಕಂಡ ಮಂಡ್ಯ ಒಂದು, ನಾಲೆ ಕಾಣದ ಮಂಡ್ಯ ಇನ್ನೊಂದು. 1911ರಲ್ಲಿ ಕಟ್ಟಲು ಶುರು ಮಾಡಿದ ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗ ಹೊಕ್ಕು ಹೊರಬಂದು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಇಳಿಯಿತು. ಮೇಲುಕೋಟೆಗೂ ನಾಗಮಂಗಲಕ್ಕೂ ನಡುವಿನ ದಿಬ್ಬದ ಸೀಮೆಯಲ್ಲಿರುವ ನಮ್ಮ ಕೊಪ್ಪಲಿಗೆ ಅದು ಹತ್ತಿ ಬರುವಂತಿರಲಿಲ್ಲ. ಆಮೇಲೆ ಹೇಮಾವತಿಯ ನಾಲೆ ತಾಲ್ಲೂಕಿನ ಕೆಲವು ಭಾಗಕ್ಕೆ ಬಂದರೂ ನಮ್ಮನ್ನು ಬಳಸಿಕೊಂಡು ಹೋಯಿತು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ನಮ್ಮ ಪಾಲಿಗೆ ಇದ್ದದ್ದು ಆ ಮಳೆ ಮತ್ತು ಒಂದು ಕೆರೆ, ಅಷ್ಟೇ.

ಕೊಪ್ಪಲು ಎಂದರೆ ದೊಡ್ಡ ಊರಿನಿಂದ ಸಿಡಿದು ಬಿದ್ದ ಸಣ್ಣ ಊರು. ನಮ್ಮ ಕಡೆ ಕೊಪ್ಪಲು, ಮದ್ದೂರಿನ ಕಡೆ ದೊಡ್ಡಿ, ನಂಜನಗೂಡಿನ ಕಡೆ ಹುಂಡಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹಾಡಿ. ಇಂಥ ಎಷ್ಟೋ ಊರುಗಳಿಗೆ ಕಂದಾಯದ ಕಾಗದದಲ್ಲಿ ಸ್ವಂತ ಲೆಕ್ಕವಿಲ್ಲ; ದೊಡ್ಡ ಊರಿನ ಸೆರಗು ಹಿಡಿದುಕೊಂಡು ಹಿಂದೆ ನಿಂತಿರುತ್ತವೆ. ನಮ್ಮದು ಇಪ್ಪತ್ತೆರಡು ಒಕ್ಕಲಿನ ಕೊಪ್ಪಲು, ಅದರ ಕೆಳಗೆ ಒಂಬತ್ತು ಮನೆಯ ಕೇರಿ. ಬಸ್ಸಿಗೆ ಎರಡು ಮೈಲಿ ನಡಿಗೆ. ವಿದ್ಯುತ್ತು ಬಂದಾಗ ನಾನು ಐದನೇ ತರಗತಿಯಲ್ಲಿದ್ದೆ.

ನನಗೆ ಮೊದಲು ಕುಂಚ ಕೊಟ್ಟವಳು ಅವ್ವ. ಕುಂಚವೆಂದರೆ ಕತ್ತಾಳೆಯ ತುಂಡನ್ನು ಜಜ್ಜಿ ನಾರು ಬಿಡಿಸಿದ್ದು. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುವುದು ಹೆಂಗಸರ ಕೆಲಸ. ಅವ್ವ ನೂಲು ಹಿಡಿಯದೆ, ಅಳತೆ ಇಲ್ಲದೆ, ಬಾಗಿಲ ಬಲದಿಂದ ಎಡದವರೆಗೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದಳು. ನನಗೆ ಕೊಟ್ಟದ್ದು ಹಿತ್ತಿಲ ಗೋಡೆ, ಯಾರೂ ನೋಡದ ಕಡೆ. ಅಲ್ಲಿ ನನ್ನ ಗೆರೆ ಹಾವಿನ ಹಾಗೆ ಹೋದರೂ ಅವಳು ಅಳಿಸಲಿಲ್ಲ. "ಮಳೆ ಬಂದರೆ ಅದೇ ಅಳಿಸುತ್ತದೆ ಬಿಡು" ಎಂದಳು.

ಆಮೇಲೆ ಮೈಸೂರಿಗೆ ಬಂದು ಚಿತ್ರಕಲೆ ಕಲಿತೆ. ದಿಗಂತದ ಗೆರೆ ಎಲ್ಲಿರಬೇಕು, ಎಲ್ಲ ಗೆರೆಗಳೂ ಹೋಗಿ ಮಾಯವಾಗುವ ಚುಕ್ಕಿಯನ್ನು ಎಲ್ಲಿಡಬೇಕು, ಒದ್ದೆ ಕಾಗದದ ಮೇಲೆ ಬಣ್ಣವನ್ನು ಹೇಗೆ ಬಿಡಬೇಕು, ಎಲ್ಲವನ್ನೂ ಕಲಿತೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳನ್ನು ತೋರಿಸಿದರು. ಆ ಮಂಜು, ಆ ತಣ್ಣನೆಯ ನೀಲಿ, ದೂರದ ಬೆಟ್ಟ ಇದೆಯೋ ಇಲ್ಲವೋ ಎನ್ನುವಂತೆ ಕರಗುವ ಬಗೆ, ನಾನು ಒಂದು ಗಂಟೆ ಅಲ್ಲಾಡದೆ ನಿಂತಿದ್ದೆ. ತಿರುಗಿ ಬಂದವಳು ಮಾಡಿದ ಮೊದಲ ತಪ್ಪು ಎಂದರೆ ಆ ಮಂಜನ್ನು ನಮ್ಮ ಕೊಪ್ಪಲಿಗೆ ತಂದದ್ದು. ನಮ್ಮಲ್ಲಿ ಮಂಜು ಇರುವುದು ಧನುರ್ಮಾಸದ ನಾಲ್ಕು ಬೆಳಗ್ಗೆ. ಉಳಿದ ದಿನವೆಲ್ಲ ಬಿಸಿಲು ಕಲ್ಲಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ; ಒಂದು ಹರದಾರಿ ಆಚೆಯ ಹುಣಸೆ ಮರದ ಕೊಂಬೆಯನ್ನೂ ಎಣಿಸಬಹುದು. ವೆಂಕಟಪ್ಪನವರು ಊಟಿಯನ್ನು ನೋಡಿ ಊಟಿಯನ್ನು ಬರೆದರು. ನಾನು ಅವರ ಊಟಿಯನ್ನು ನೋಡಿ ನನ್ನ ಊರನ್ನು ಬರೆದೆ. ಆ ಚಿತ್ರಗಳು ಚೆನ್ನಾಗಿಯೇ ಮಾರಾಟವಾದವು, ಅದನ್ನೂ ಹೇಳಿಬಿಡುತ್ತೇನೆ.

ಮದುವೆಯಾಗಿ, ಮೈಸೂರಿನ ಶಾಲೆಯೊಂದರಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿ ಹತ್ತು ವರ್ಷ ಕಳೆದ ಮೇಲೆ, ಒಂದು ಗೌರಿ ಹಬ್ಬಕ್ಕೆ ತವರಿಗೆ ಹೋಗುವಾಗ ತಮ್ಮನ ಮನೆಗೆಂದು ದೊಡ್ಡದೊಂದು ಚಿತ್ರ ಕಟ್ಟು ಹಾಕಿಸಿಕೊಂಡು ಹೋದೆ. ನಮ್ಮ ಕೆರೆ, ಏರಿಯ ಮೇಲೆ ಸಾಲು ಮರ, ಹಿಂದೆ ಗುಡ್ಡ, ಮುಂದೆ ಎಡಗಡೆಗೆ ಗದ್ದೆಯ ಮಡಿಗಳು. ಎಲ್ಲರೂ ಹೊಗಳಿದರು. ಮಧ್ಯಾಹ್ನ ಕೇರಿಯಿಂದ ನಮ್ಮ ನೀರುಗಂಟಿ ತಾತ, ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವವರು, ಹಬ್ಬದ ಊಟಕ್ಕೆ ಬಂದರು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಜಗಲಿ ದಾಟಲಿಲ್ಲ. ಆ ತಲೆಮಾರಿಗೆ ಕೊಪ್ಪಲು ಕಲಿಸಿದ್ದ ಪಾಠ ಅದು, ನಾಚಿಕೆಪಡಬೇಕಾದವರು ನಾವು. ನಾನೇ ಚಿತ್ರವನ್ನು ಇಳಿಸಿ ಜಗಲಿಗೆ ತಂದು ಅವರ ಮುಂದೆ ಒರಗಿಸಿದೆ.

ಬಹಳ ಹೊತ್ತು ನೋಡಿದರು. ಎಲೆ ಅಡಿಕೆ ಮುಗಿಯುವವರೆಗೂ ನೋಡಿದರು.

"ತೂಬು ಎಲ್ಲಿ ಕಣವ್ವ?"

"ಈ ಕಡೆಯಿಂದ ಕಾಣುವುದಿಲ್ಲ ತಾತ. ಮರದ ಹಿಂದೆ ಇದೆ ಎಂದುಕೊಳ್ಳಿ."

"ಆಯಿತು, ಇದೆ. ಈ ಗದ್ದೆಗೆ ನೀರು ಹೇಗೆ ಹೋಯಿತು? ಗದ್ದೆಯನ್ನು ಕೆರೆಗಿಂತ ಮೇಲೆ ಕೂರಿಸಿದ್ದೀಯಲ್ಲ."

ನಿಜ. ಚಿತ್ರದ ಬಲಗಡೆ ಭಾರವಾಯಿತೆಂದು ಗದ್ದೆಯನ್ನು ಎಡಕ್ಕೆ ಎಳೆದು, ಮರೆಯಾಗಬಾರದೆಂದು ಒಂದಿಷ್ಟು ಎತ್ತರಿಸಿದ್ದೆ. "ಚೆಂದ ಕಾಣಲಿ ಎಂದು ಹಾಗೆ ಮಾಡಿದೆ" ಎಂದೆ. ತಾತ ನಕ್ಕರು, ವ್ಯಂಗ್ಯವಾಗಿ ಅಲ್ಲ, ಮಗು ಅಂಗಿ ತಿರುವುಮುರುವು ಹಾಕಿಕೊಂಡಾಗ ನಗುತ್ತಾರಲ್ಲ, ಹಾಗೆ. "ಚೆಂದ ನೋಡಿಕೊಂಡು ನೀರು ಹತ್ತುತ್ತದೆಯೇ?"

ಅವರು ಹೋದ ಮೇಲೆ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಹತ್ತನೇ ತರಗತಿ ಮುಗಿಯುವವರೆಗೆ ಆ ಕೆರೆಯ ಹಿಂದಿನ ಬಾವಿಯಿಂದ ಸೊಂಟದ ಮೇಲೊಂದು, ತಲೆಯ ಮೇಲೊಂದು ಕೊಡ ಹೊತ್ತು ಮನೆಗೆ ಹತ್ತಿದವಳು ನಾನು. ಎಲ್ಲಿ ಏರು ಶುರುವಾಗುತ್ತದೆ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ನಿಂತು ಉಸಿರು ಬಿಡಬಹುದು ಎಂಬುದು ನನ್ನ ಮಂಡಿಗೆ ಗೊತ್ತಿತ್ತು. ಕೈಗೆ ಮಾತ್ರ ಗೊತ್ತಿರಲಿಲ್ಲ.

ಮಾರನೆಯ ಬೇಸಿಗೆ ರಜೆಯಲ್ಲಿ ತಾತನ ಹಿಂದೆ ಮೂರು ದಿನ ನಡೆದೆ. ಗುಡ್ಡದ ತಲೆಯಿಂದ ಶುರು ಮಾಡಬೇಕು ಎಂದರು, ಮಾಡಿದೆವು. ನೀರುಗಂಟಿ ಎಂದರೆ ತೂಬು ಎತ್ತಿ ಇಳಿಸುವವನು ಎಂದಷ್ಟೇ ತಿಳಿದಿದ್ದೆ. ನಮ್ಮ ತೂಬು ಹಳೆಯ ಬಗೆಯದು: ಎರಡು ನಿಲುಗಲ್ಲು, ನಡುವೆ ತೂತಿರುವ ಅಡ್ಡಗಲ್ಲು, ತೂತಿನಲ್ಲಿ ಉದ್ದನೆಯ ಮರದ ಕೋಲು, ಕೋಲಿನ ತುದಿಗೆ ಬಿರಡೆ. ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಕೆರೆ ಅರ್ಧವೇ ತುಂಬಿದ ವರ್ಷ ಯಾವ ಬಯಲನ್ನು ಬಿಟ್ಟುಬಿಡಬೇಕು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿ. ಸುಗ್ಗಿಯಲ್ಲಿ ಗದ್ದೆಯ ಒಕ್ಕಲುಗಳು ಕೊಡುವ ಹೊರೆಯೇ ಅವರ ಸಂಬಳ. ಆದರೆ ಅವರ ನಿಜವಾದ ವಿದ್ಯೆ ತೂಬಿನದಲ್ಲ, ಇಳಿಜಾರಿನದು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹೇಳುವರು: "ಇಲ್ಲಿ ನೀರು ಓಡುತ್ತದೆ." ಇನ್ನಷ್ಟು ಕೆಳಗೆ: "ಇಲ್ಲಿ ನಡೆಯುತ್ತದೆ." ಕೊನೆಗೆ: "ಇಲ್ಲಿ ಕೂರುತ್ತದೆ." ಮೂರೇ ಮಾತು. ಮೊದಲ ದಿನ ನಾನು ಪುಸ್ತಕದಲ್ಲಿ ಗಿಡ, ಬಂಡೆ, ದನ ಎಂದು ಏನೇನೋ ಗೀಚಿದೆ. ಎರಡನೇ ದಿನ ಬರೀ ಬಾಣದ ಗುರುತು ಹಾಕತೊಡಗಿದೆ. ಮೂರನೇ ದಿನ ಪುಸ್ತಕವನ್ನು ಚೀಲದಲ್ಲಿಟ್ಟೆ.

ಓಡುವುದು, ನಡೆಯುವುದು, ಕೂರುವುದು. ಈ ಮೂರು ಮಾತಿನಿಂದಲೇ ನನ್ನ ಈಗಿನ ಕೆಲಸವೆಲ್ಲ ಹುಟ್ಟಿತು. ಓಡುವ ಕಡೆ ಕುಂಚ ಒಣಗಿರಬೇಕು, ಬಟ್ಟೆಯ ನೇಯ್ಗೆ ಗೀರು ಗೀರಾಗಿ ಕಾಣಬೇಕು. ನಡೆಯುವ ಕಡೆ ಕುಂಚಕ್ಕೆ ಅರ್ಧ ನೀರು, ಗೆರೆಗಳು ಅಡ್ಡಕ್ಕೆ, ಬದುವಿನ ಹಾಗೆ ಒಂದರ ಕೆಳಗೊಂದು. ಕೂರುವ ಕಡೆ ಕುಂಚವೇ ಬೇಡ. ಬಟ್ಟೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ತೆಳು ಬಣ್ಣ ಸುರಿದು, ತಾನಾಗಿಯೇ ತಂಗಲು ಬಿಡುವುದು.

ಊರಿನ ನಕ್ಷೆಯನ್ನೂ ತೆಗೆಸಿದೆ. ಸರ್ವೆಯ ಹಳೆಯ ಗ್ರಾಮ ನಕ್ಷೆ, ಮೈಲಿಗೆ ಎಂಟು ಅಂಗುಲದ ಅಳತೆ, ಅಂದರೆ ನೆಲದ 7,920 ಅಂಗುಲಕ್ಕೆ ಕಾಗದದ ಮೇಲೆ ಒಂದು ಅಂಗುಲ. ಹೊಲದ ನಂಬರುಗಳು, ಬಂಡಿ ಜಾಡು, ಗೋಮಾಳ, ಖರಾಬು ಎಲ್ಲ ಸರಿಯಾಗಿದ್ದವು. ಯಾರ ಬದು ಎಲ್ಲಿ ಮುಗಿಯುತ್ತದೆ ಎಂದು ಅದು ಚೆನ್ನಾಗಿ ಹೇಳುತ್ತದೆ, ಅದಕ್ಕೇ ಮಾಡಿದ್ದು. ಆದರೆ ಅದರಲ್ಲಿ ನೆಲವೆಲ್ಲ ಚಪ್ಪಟೆ. ಎಡಗಡೆಯ ಹೊಲಕ್ಕೂ ಬಲಗಡೆಯ ಹೊಲಕ್ಕೂ ನಡುವೆ ಮೂರಾಳು ಎತ್ತರದ ವ್ಯತ್ಯಾಸವಿದೆ ಎಂದು ಅದನ್ನು ನೋಡಿ ಯಾರೂ ಊಹಿಸಲಾರರು. ಕೊಪ್ಪಲು ಅದರಲ್ಲಿ ಒಂದು ಉಗುರಿನಷ್ಟು.

ಇಳಿಜಾರನ್ನು ತೋರಿಸಬೇಕು, ಮೇಲಿನದೂ ಕೆಳಗಿನದೂ ಒಟ್ಟಿಗೆ ಕಾಣಬೇಕು, ಏರಿಯ ಹಿಂದಿರುವುದು ಏರಿಯಿಂದ ಮುಚ್ಚಿಹೋಗಬಾರದು. ಕಲಿತ ವಿದ್ಯೆಯಲ್ಲಿ ಇದಕ್ಕೆ ದಾರಿ ಇರಲಿಲ್ಲ. ಒಂದು ಕಡೆ ನಿಂತು ನೋಡಿದರೆ ಹತ್ತಿರದ್ದು ದೂರದ್ದನ್ನು ಮುಚ್ಚಲೇಬೇಕು. ದಾರಿ ಸಿಕ್ಕಿದ್ದು ಶಾಲೆಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಾಗ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್ 1784ರಲ್ಲಿ ಕಟ್ಟಿದ್ದು. ಅದರ ಪಡುವಣ ಗೋಡೆಯ ಮೇಲೆ, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹತ್ತಾರು ಸಲ ನೋಡಿದ್ದೆ, ಕತ್ತಿ ಕುದುರೆಗಳ ಗದ್ದಲ ಎಂದುಕೊಂಡಿದ್ದೆ. ಆ ದಿನ ಒಬ್ಬ ಹುಡುಗ, "ಮಿಸ್, ಹಿಂದೆ ಇರುವವರೂ ಮುಂದೆ ಇರುವವರೂ ಒಂದೇ ದಪ್ಪ ಇದ್ದಾರಲ್ಲ" ಎಂದ. ಹೌದು! ಸಾಲಿನ ಮೇಲೆ ಸಾಲು. ದೂರದ್ದು ಸಣ್ಣದಾಗುವುದಿಲ್ಲ, ಮೇಲಕ್ಕೆ ಹೋಗುತ್ತದೆ. ನಡುವೆ ಚೌಕವಾಗಿ ನಿಂತ ಇಂಗ್ಲಿಷರ ಪಡೆ, ಅದರೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ದಳಪತಿ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಯಾವುದೂ ಯಾವುದನ್ನೂ ಮುಚ್ಚಿಲ್ಲ. ಬರೆದವನು ಒಂದು ಕಡೆ ನಿಂತು ನೋಡಿದವನಲ್ಲ. ಇಡೀ ಯುದ್ಧವನ್ನು ಬಾಯಿಪಾಠ ಮಾಡಿಕೊಂಡವನು. ಮಕ್ಕಳು ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದಾಗ ನಾನು ಇನ್ನೂ ಗೋಡೆಯ ಮುಂದೆಯೇ ಇದ್ದೆ. ಆ ಮಗುವಿಗೆ ಅವತ್ತು ನನ್ನ ಪಾಲಿನ ಕೋಡುಬಳೆಯೂ ಸಿಕ್ಕಿತು.

ಹಾಗಾಗಿ ಗುಡ್ಡವನ್ನು ಬಟ್ಟೆಯ ಮೇಲ್ತುದಿಗೂ ಕೇರಿಯ ಹೊಲಗಳನ್ನು ಕೆಳತುದಿಗೂ ಇಟ್ಟೆ. ನಡುವೆ ನೀರು ಇಳಿಯುವ ಕ್ರಮದಲ್ಲಿ ಊರು. ಗಾತ್ರಕ್ಕೆ ನನ್ನ ಅಳತೆ ನಡಿಗೆ: ನೂರು ಹೆಜ್ಜೆಗೆ ಬಟ್ಟೆಯ ಮೇಲೆ ಒಂದು ಗೇಣು. ಏರಿನಲ್ಲಿ ಹೆಜ್ಜೆ ಗಿಡ್ಡ, ಇಳಿಜಾರಿನಲ್ಲಿ ಉದ್ದ. ಆದ್ದರಿಂದ ಹತ್ತಿ ಹೋಗುವ ದಾರಿ ಚಿತ್ರದಲ್ಲಿ ನಿಜಕ್ಕಿಂತ ಉದ್ದವಾಗಿದೆ. ತಿದ್ದಬಹುದಿತ್ತು, ತಿದ್ದಲಿಲ್ಲ. ಕೊಡ ಹೊತ್ತವರಿಗೆ ಅದು ಉದ್ದವೇ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೇಳುವವರೆಲ್ಲ ಕೇಳುವುದು ಇದನ್ನೇ. ಅಂಗಡಿಯ ಕ್ಯಾನ್ವಾಸ್ ನನಗೆ ಹಿಡಿಸಲಿಲ್ಲ; ಅದರ ಮೇಲೆ ಮಣ್ಣಿನ ಬಣ್ಣ ತೇಲುತ್ತದೆ, ಇಳಿಯುವುದಿಲ್ಲ. ಕಂಬಳಿ ನೇಯುವವರು ಹಾಸಿನ ನೂಲಿಗೆ ಹುಣಸೆಬೀಜದ ಸರಿ ಹಚ್ಚುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ನೇಯುವ ಅಜ್ಜಿಯೊಬ್ಬರನ್ನು ಹುಡುಕಿಕೊಂಡು ಹೋಗಿ ಕಲಿತೆ. ಬೀಜವನ್ನು ಹುರಿಯಬೇಕು, ಕುಟ್ಟಿ ಕಪ್ಪು ಸಿಪ್ಪೆ ಬಿಡಿಸಬೇಕು, ಬಿಳಿ ಬೇಳೆಯನ್ನು ರಾತ್ರಿಯೆಲ್ಲ ನೆನೆಹಾಕಿ ರುಬ್ಬಬೇಕು, ಆಮೇಲೆ ನೀರು ಹಾಕಿ ಕೈ ಬಿಡದೆ ತಿರುವುತ್ತಾ ಕುದಿಸಬೇಕು. ಅಂಬಲಿಯ ಹದಕ್ಕೆ ಬಂದಾಗ ಇಳಿಸುವುದು. ಅದಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿ ಒಗೆದ ಹತ್ತಿ ಬಟ್ಟೆಗೆ ಎರಡು ಸಲ ಬಳಿದು, ಒಣಗಿದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ಉಜ್ಜುವುದು. ಸಿಪ್ಪೆ ಪೂರ್ತಿ ಹೋಗದಿದ್ದರೆ ಬಟ್ಟೆಗೆ ಕೆಂಪು ಕಲೆ ಹತ್ತುತ್ತದೆ. ನನ್ನ ಮೊದಲ ಬಟ್ಟೆಗೆ ಹತ್ತಿತು. ಅದು ಈಗ ಅಡುಗೆಮನೆಯಲ್ಲಿ ಮಸಿಬಟ್ಟೆಯಾಗಿದೆ.

ಹುಣಸೆ ನಮ್ಮ ಕಲೆಗೆ ಹೊಸದಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಿನಿಂದ ಮೊದಲ ಗೆರೆ ಎಳೆಯುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಕೊಳವೆಯ ಎರಡೂ ಬಾಯನ್ನು ಜೇಡಿಮಣ್ಣಿನಿಂದ ಮೆತ್ತಿ ಒಲೆಯ ಕೆಂಡದಲ್ಲಿ ಹೂತರೆ ಸರಿ. ಗಾಳಿ ಆಡಿದರೆ ಇದ್ದಿಲಿನ ಬದಲು ಬೂದಿ ಸಿಗುತ್ತದೆ.

ಇನ್ನು ಮಣ್ಣು. ತಾತನ ಜೊತೆ ನಡೆದಾಗ ನನ್ನ ಗಮನಕ್ಕೆ ಬಂದದ್ದು ಇದು: ನೀರು ಓಡುವ ಕಡೆ ಗರಸು, ನಡೆಯುವ ಕಡೆ ಕೆಮ್ಮಣ್ಣು, ಕೂರುವ ಕಡೆ ಗೋಡು. ನೀರು ಹಗುರವಾದ ನುಣ್ಣನೆಯ ಮಣ್ಣನ್ನು ಕೆಳಗೆ ಒಯ್ದು ಕೆರೆಯಲ್ಲಿ ಬಿಡುತ್ತದೆ, ಒರಟು ಕಲ್ಲುಮಣ್ಣನ್ನು ಮೇಲೆಯೇ ಬಿಟ್ಟು ಹೋಗುತ್ತದೆ. ಅಂದರೆ ಊರಿನ ಬಣ್ಣಗಳನ್ನು ಮಳೆಯೇ ಜರಡಿ ಹಿಡಿದು ಮೇಲಿನಿಂದ ಕೆಳಕ್ಕೆ ಜೋಡಿಸಿಟ್ಟಿದೆ. ನಾನು ಅಂಗಡಿಯ ಬಣ್ಣಗಳನ್ನು ಬೆರೆಸಿ ಒದ್ದಾಡುವುದೇಕೆ? ಏಳು ಕಡೆಯಿಂದ ಏಳು ಚೀಲ ಮಣ್ಣು ತಂದೆ. ಮೇಲಿನ ಮಣ್ಣಿನಿಂದ ಚಿತ್ರದ ಮೇಲ್ಭಾಗ, ಕೆಳಗಿನ ಮಣ್ಣಿನಿಂದ ಕೆಳಭಾಗ. ಚೀಲಗಳನ್ನು ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್ ಲಗೇಜಿಗೆ ದುಡ್ಡು ಕೇಳಿದ. ಮಣ್ಣು ಎಂದೆ. ಮಣ್ಣಿಗೂ ಟಿಕೆಟ್ಟು ತೆಗೆದುಕೊಂಡೆ.

ಮಾಡುವ ಬಗೆ ಸುಲಭ, ತಾಳ್ಮೆ ಬೇಕು. ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಕದಡಿ ನೂರು ಎಣಿಸಬೇಕು; ಅಷ್ಟರಲ್ಲಿ ಮರಳು ತಳ ಸೇರುತ್ತದೆ. ಮೇಲಿನ ಬಣ್ಣದ ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಗ್ಗಿಸಿ ಎರಡು ದಿನ ಅಲ್ಲಾಡಿಸದೆ ಇಡಬೇಕು. ತಿಳಿ ನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಮಣ್ಣು. ತಟ್ಟೆಯಲ್ಲಿ ಒಣಗಿಸಿ, ಪುಡಿ ಮಾಡಿ, ಬೇವಿನ ಅಂಟನ್ನು ನೆನೆಸಿದ ನೀರಿನಲ್ಲಿ ಅರೆಯಬೇಕು. ನನ್ನ ಕೈಗೆ ಕುದುರಿದ ಅಳತೆ ಎರಡು ಚಮಚ ಮಣ್ಣಿಗೆ ಒಂದು ಚಮಚ ಅಂಟು ನೀರು. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಬತ್ತಿದ ಕೆರೆಯ ಅಂಗಳದ ಹಾಗೆ ಬಿರಿಯುತ್ತದೆ. ಬಿರಿಯದಿರಲಿ ಎಂದು ಎಲ್ಲೋ ಓದಿದ ನೆನಪಿನಲ್ಲಿ ನಾಲ್ಕು ತೊಟ್ಟು ಜೇನು ಸೇರಿಸಿದೆ. ಬಣ್ಣ ಬಹಳ ಚೆನ್ನಾಗಿ ಬಂತು. ಮೂರನೇ ದಿನ ಬೆಳಗ್ಗೆ ನೋಡಿದರೆ ಚಿತ್ರದ ಗುಡ್ಡದ ಮೇಲೆ ಕಟ್ಟಿರುವೆಯ ಸಾಲು, ಕೆರೆಯ ಹತ್ತಿರ ಬಣ್ಣವೇ ಮಾಯ. ಈಗ ಜೇನು ಒಂದೇ ತೊಟ್ಟು, ಜೊತೆಗೆ ಒಂದು ತೊಟ್ಟು ಲವಂಗದ ಎಣ್ಣೆ. ನನ್ನ ಕೋಣೆಗೆ ಬಂದವರು ಹಲ್ಲುನೋವೇ ಎಂದು ವಿಚಾರಿಸುತ್ತಾರೆ.

ಕಪ್ಪಿಗೆ ಹರಳೆಣ್ಣೆ ದೀಪದ ಕಾಡಿಗೆ. ಬಿಳಿಗೆ ಬಣ್ಣ ಹಚ್ಚದೆ ಬಿಟ್ಟ ಬಟ್ಟೆ. ಹಸಿರಿಗೆ? ಅಲ್ಲಿಯೇ ಆ ಹಿರಿಯರ ಪ್ರಶ್ನೆ. ಮಣ್ಣಿನಲ್ಲಿ ಹಸಿರು ಸಿಗಲಿಲ್ಲ, ಎಲೆಯ ರಸ ಬಿಸಿಲಿಗೆ ನಿಲ್ಲಲಿಲ್ಲ, ಅಂಗಡಿಯಿಂದ ತರುವುದು ಬೇಡವೆಂದು ಹಟ ಹಿಡಿದೆ. ಬಿಟ್ಟು ಕೆಲಸ ಮಾಡಿದ ಮೇಲೆ ತಿಳಿಯಿತು, ನಮ್ಮ ಸೀಮೆಗೆ ಹಸಿರು ನೆಂಟ, ಬರುತ್ತದೆ, ಹೋಗುತ್ತದೆ. ಮಳೆಗಾಲದ ಕೊನೆಗೆ ರಾಗಿ ತೆನೆಗಟ್ಟುವಾಗ ಅಕ್ಕಡಿ ಸಾಲಿನ ಹುಚ್ಚೆಳ್ಳು ಹೂವು ಬಿಟ್ಟು ಹೊಲದ ಅಂಚೆಲ್ಲ ಹಳದಿ. ತಂಗಡಿಯದು ಇನ್ನೊಂದು ಹಳದಿ, ಸ್ವಲ್ಪ ಕೊಬ್ಬಿದ್ದು. ಸಂಕ್ರಾಂತಿಯ ಹೊತ್ತಿಗೆ ರಾಗಿ ಹುಲ್ಲಿನ ಮೆದೆ, ಮಳೆ ಬಿದ್ದು ಬಿಸಿಲಾದಂತೆ ಬೂದು. ಶಿವರಾತ್ರಿಗೆ ಗೋಮಾಳದ ಎರಡೇ ಎರಡು ಮುತ್ತುಗದ ಮರ ಎಲೆಯಿಲ್ಲದೆ ಕೆಂಡ. ಯುಗಾದಿಗೆ ಹೊಂಗೆ ಚಿಗುರಿ, ಕೆಳಗೆ ಹೂವು ಉದುರಿ ನೆಲ ಹುರಿಯಕ್ಕಿ ಚೆಲ್ಲಿದಂತೆ. ಆ ಹೊಂಗೆಯ ಚಿಗುರಿನ ಹಸಿರು ಮಾತ್ರ ನನಗೆ ಇವತ್ತಿಗೂ ಬೇಕು. ಹೇಗೆ ತರುವುದೋ ಗೊತ್ತಿಲ್ಲ.

ಕಷ್ಟವಾದದ್ದು ಇಲ್ಲದಿರುವುದನ್ನು ಬರೆಯುವಾಗ. ಕೊಪ್ಪಲಿನ ಮೇಲುಗಡೆ ಒಂದು ಅರೆಯಿತ್ತು, ಆನೆಯ ಬೆನ್ನಿನಂಥ ಹಾಸುಬಂಡೆ. ಸುಗ್ಗಿಯಲ್ಲಿ ಅದೇ ನಮ್ಮ ಕಣ. ಸಗಣಿ ಸಾರಿಸುವ ಕೆಲಸವಿಲ್ಲ, ಮಣ್ಣು ಬೆರೆಯುವ ಭಯವಿಲ್ಲ, ರಾಗಿ ತೆನೆ ಹರಡಿ ಅದರ ಮೇಲೆ ಎತ್ತಿನಿಂದ ಕಲ್ಲಿನ ಗುಂಡು ಉರುಳಿಸುವುದು, ಗಾಳಿ ಬಂದಾಗ ತೂರುವುದು. ರಾತ್ರಿ ಕಾವಲಿಗೆ ಮಲಗಿದರೆ ಹಗಲಿನ ಬಿಸಿಲು ಬೆನ್ನಿಗೆ ನಡುರಾತ್ರಿಯವರೆಗೂ ತಾಗುತ್ತಿತ್ತು. ಅಲ್ಲಿ ಮಲಗಿಯೇ ದೊಡ್ಡಪ್ಪ ಮೇಲುಕೋಟೆ ಕಾಡಿನ ತೋಳದ ಕಥೆ ಹೇಳುತ್ತಿದ್ದದ್ದು. ಆ ಕಾಡನ್ನು 1974ರಲ್ಲಿ ತೋಳಗಳಿಗಾಗಿಯೇ ವನ್ಯಧಾಮ ಮಾಡಿದರು ಎಂದು ಓದಿದಾಗ ದೊಡ್ಡಪ್ಪ ಅಷ್ಟೇನೂ ಸುಳ್ಳು ಹೇಳಿರಲಿಲ್ಲ ಎನಿಸಿತು. ನಾನು ಮೈಸೂರಿನಲ್ಲಿದ್ದ ವರ್ಷಗಳಲ್ಲಿ ಆ ಅರೆಯನ್ನು ಒಡೆದು ಸೈಜುಗಲ್ಲು, ಜಲ್ಲಿ ಮಾಡಿ ಒಯ್ದರು. ಮೂರು ನೂರು ಕೋಟಿ ವರ್ಷದ ಆಸುಪಾಸಿನ ಕಲ್ಲು ನಮ್ಮ ಕಡೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಹೋಗಲು ಐದಾರು ವರ್ಷ ಸಾಕಾಯಿತು.

ಅದರ ಫೋಟೋ ಯಾರ ಬಳಿಯೂ ಇಲ್ಲ. ಬಂಡೆಯ ಫೋಟೋ ಯಾರು ತೆಗೆಯುತ್ತಾರೆ? ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ತಮ್ಮ ಒಂದು ಹೇಳಿದ, ಚಿಕ್ಕಮ್ಮ ಇನ್ನೊಂದು ಹೇಳಿದರು, ನನ್ನ ನೆನಪಿನಲ್ಲಿ ಅದು ವಿಮಾನ ಇಳಿಯುವಷ್ಟಿತ್ತು. ಜಗಳವಾಗುವ ಮಟ್ಟಕ್ಕೆ ಹೋದಾಗ ಪ್ರಶ್ನೆಯನ್ನೇ ಬದಲಿಸಿದೆ: ಒಮ್ಮೆಗೆ ಎಷ್ಟು ಒಕ್ಕಲು ಕಣ ಮಾಡುತ್ತಿದ್ದರು? ಎಲ್ಲರೂ ಒಂದೇ ಬಾಯಲ್ಲಿ, ನಾಲ್ಕು. ಒಂದು ಒಕ್ಕಲಿನ ಎತ್ತು ಗುಂಡು ಎಳೆದುಕೊಂಡು ಸುತ್ತಲು ಎಷ್ಟು ಜಾಗ? ತಮ್ಮ ಅಂಗಳದಲ್ಲಿ ನಡೆದು ತೋರಿಸಿದ. ನಾಲ್ಕು ಸುತ್ತು, ನಡುವೆ ತೂರುವ ಜಾಗ, ಮೂಲೆಯಲ್ಲಿ ಮೆದೆ. ಬಂಡೆಯ ಅಂಚು ತಾನಾಗಿ ಬಂತು. ಆಕಾರವನ್ನು ಹೀಗೆ ಲೆಕ್ಕ ಹಾಕಿದರೂ ಅದಕ್ಕೆ ಬಣ್ಣ ಹಚ್ಚಲು ಮಣ್ಣಿರಲಿಲ್ಲ, ಕಲ್ಲಿನ ಪುಡಿ ತರಲು ಕಲ್ಲೇ ಇರಲಿಲ್ಲ. ಸರಿ ಹಚ್ಚಿ ಉಜ್ಜಿದ ಬಟ್ಟೆಯನ್ನು ಹಾಗೇ ಬಿಟ್ಟೆ. ಬಂಡೆ ಇದ್ದ ಕಡೆ ಈಗ ಆಳವಾದ ಗುಂಡಿ, ಅದರಲ್ಲಿ ಬೇಸಿಗೆಯಲ್ಲೂ ನೀರು. ಕೆರೆ ಬತ್ತಿದ ವರ್ಷವೂ ಅಲ್ಲಿ ಇರುತ್ತದೆ. ನೀರು ಓಡುತ್ತಿದ್ದ ಜಾಗದಲ್ಲಿ ಈಗ ಕೂರುತ್ತದೆ. ತಾತ ಇದ್ದಿದ್ದರೆ ಇದಕ್ಕೆ ಏನು ಹೇಳುತ್ತಿದ್ದರೋ. ಅಷ್ಟು ಹೊತ್ತಿಗೆ ಅವರು ತೀರಿಕೊಂಡಿದ್ದರು, ತೂಬಿನ ಕೋಲನ್ನು ಮುಟ್ಟುವವರೂ ಇರಲಿಲ್ಲ. ಗದ್ದೆಗೆಲ್ಲ ಬೋರ್‌ವೆಲ್ ಬಂದಿತ್ತು.

ಎಂಟು ಅಡಿ ಉದ್ದದ ಆ ಬಟ್ಟೆ ಮುಗಿಯಲು ಎರಡು ವರ್ಷ ಹಿಡಿಯಿತು, ರಜೆಯ ದಿನಗಳಲ್ಲೇ ಮಾಡಿದ್ದರಿಂದ. ತೂಬನ್ನು ಮಾತ್ರ ಅಳತೆ ಮೀರಿ ದೊಡ್ಡದಾಗಿ ಬರೆದೆ. ಮೈಸೂರಿನಲ್ಲಿ ತೋರಿಸಿದ ಮೇಲೆ ಕೊಪ್ಪಲಿಗೆ ಒಯ್ದು ಕೆರೆ ಏರಿಯ ಮೇಲಿನ ಎರಡು ಹುಣಸೆ ಮರಗಳಿಗೆ ಹಗ್ಗ ಬಿಗಿದು ನೇತುಹಾಕಿದೆ. ಗುಡಿಯ ಜಗಲಿಯಲ್ಲಿ ಹಾಕು ಎಂದು ತಮ್ಮ ಹೇಳಿದ. ಕೇರಿಯವರು ಹತ್ತಿರ ಬಂದು ನೋಡಲಿ ಎಂದು ಏರಿಯನ್ನೇ ಆರಿಸಿದೆ. ಮೊದಲು ಮಕ್ಕಳು ಬಂದರು, ಆಮೇಲೆ ದನ ಹೊಡೆದುಕೊಂಡು ಹೋಗುವವರು, ಸಂಜೆಗೆ ಎಲ್ಲರೂ. ತಂತಮ್ಮ ಮನೆ ಹುಡುಕಿದರು, ಮಾರಿದ ಹೊಲ ಹುಡುಕಿದರು, ಕಡಿದ ಮರದ ಮೇಲೆ ಬೆರಳಿಟ್ಟರು. ಮುಟ್ಟಬೇಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕತ್ತಲಾಗುವ ಹೊತ್ತಿಗೆ ನೀರುಗಂಟಿ ತಾತನ ಸೊಸೆ ಬಂದರು. ಮೊಬೈಲಿನ ಬೆಳಕು ಹಿಡಿದು ಬಟ್ಟೆಯ ಕೆಳತುದಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ತೂಬು ತೋರಿಸಿದೆ, ಮಾವನದು ಎಂದು ನಕ್ಕರು. ಆಮೇಲೆ ಕೇಳಿದರು: "ಅಕ್ಕ, ನಮ್ಮ ಬಾವಿ ಎಲ್ಲಿ?"

ಕೊಪ್ಪಲಿನ ಬಾವಿಯನ್ನು ಮೆಟ್ಟಿಲು ಸಮೇತ ಬರೆದಿದ್ದೆ. ಕೇರಿಯವರಿಗೆ ಬೇರೆ ಬಾವಿ ಇದ್ದದ್ದು ನನಗೆ ಗೊತ್ತಿತ್ತು. ಕೋಡಿಯ ನೀರು ಹಾಯುವ ಜಾಗದ ಕೆಳಗೆ, ಮಳೆಗಾಲದಲ್ಲಿ ಬಗ್ಗಡವಾಗುವ ಬಾವಿ. ಆದರೆ ಒಮ್ಮೆಯೂ ಅದರ ದಡಕ್ಕೆ ಹೋಗಿರಲಿಲ್ಲ. ತಾತನ ಜೊತೆ ಮೂರು ದಿನ ನಡೆದಾಗಲೂ ನಾವು ಕೆರೆಯ ತೂಬಿನವರೆಗೆ ಬಂದು, ಗದ್ದೆ ಬಯಲು ಸುತ್ತಿ, ಕೊಪ್ಪಲಿಗೆ ತಿರುಗಿದ್ದೆವು. ಅವರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

"ನಾಳೆ ತೋರಿಸುತ್ತೀರಾ?" ಎಂದೆ.

ಬೆಳಗ್ಗೆ ಹೋದೆವು. ಬಾವಿ ಈಗ ಅರ್ಧ ಮುಚ್ಚಿದೆ, ಮೇಲೆ ಸೀಮೆಜಾಲಿ ಬೆಳೆದಿದೆ. ಮುಳ್ಳು ಸರಿಸಿ ಇಳಿದು ಎಣಿಸಿದಾಗ ಕಂಡದ್ದು ಹನ್ನೊಂದು ಮೆಟ್ಟಿಲು. ಹನ್ನೆರಡಿತ್ತು, ಕೊನೆಯದು ಹೂಳಿನ ಒಳಗಿದೆ ಎಂದರು ಅವರು. ಅಲ್ಲಿಂದ ಕೇರಿಯ ಮೊದಲ ಮನೆಗೆ ಇನ್ನೂರ ಹತ್ತು ಹೆಜ್ಜೆ, ಪೂರ್ತಿ ಏರು. ಬಟ್ಟೆಯ ಕೆಳಗೆ ಅಷ್ಟು ಜಾಗವಿಲ್ಲ. ಎರಡು ಗೇಣಿನ ತುಂಡೊಂದನ್ನು ಕೆಳತುದಿಗೆ ಹೊಲಿಯಬೇಕು. ಹುಣಸೆಬೀಜ ನಿನ್ನೆ ಹುರಿದಿಟ್ಟಿದ್ದೇನೆ. ಬಾವಿಯ ದಡದಿಂದ ಒಂದು ಚೀಲ ಮಣ್ಣೂ ತಂದೆ. ಸೋಸಿ ತಟ್ಟೆಯಲ್ಲಿ ಹರಡಿದ್ದು ತಾರಸಿಯ ಮೇಲೆ ಒಣಗುತ್ತಿದೆ. ನಮ್ಮ ಕಡೆಯ ಕೆಮ್ಮಣ್ಣಿಗಿಂತ ಒಂದು ಚೂರು ಹಳದಿ ಹೆಚ್ಚು.